ಅಜ್ಜನ ಕಾಗದಕ್ಕೆ ಅಂಜುವುದೇಕೆ?

ಮಹಾರಾಷ್ಟ್ರದಲ್ಲಿ ಈಗ ಅತಿ ಹೆಚ್ಚು ಬೇಡಿಕೆಯಿರುವುದು ಯಾವುದಕ್ಕೆ ಎಂದು ಯಾರಾದರೂ ಕೇಳಿದರೆ ಮುಂಬೈಯ ಫ್ಲ್ಯಾಟಿಗೆ ಎಂದು ನಾನು ಹೇಳಲಾರೆ. ಅಜ್ಜನ ಕಾಗದಕ್ಕೆ ಎನ್ನುತ್ತೇನೆ. ಅಜ್ಜ ಸಾಲದಿದ್ದರೆ ಮುತ್ತಜ್ಜನದು. ಶಾಲೆಯ ದಾಖಲಾತಿ ಪುಸ್ತಕ, ಜಮೀನಿನ ಪಹಣಿ, ಊರ ಕೋತ್ವಾಲ ಬರೆದಿಟ್ಟ ಜನನ-ಮರಣದ ನೋಂದಣಿ, ಕೊನೆಗೆ ಜೈಲಿನ ರಿಜಿಸ್ಟರ್ ಆದರೂ ಸರಿ. ಅದರಲ್ಲಿ ಹಿರಿಯನ ಹೆಸರಿನ ಮುಂದೆ ‘ಕುಣಬಿ’ ಎಂಬ ಒಂದು ಪದವಿದ್ದರೆ ಮೊಮ್ಮಗನಿಗೆ ಹಿಂದುಳಿದ ವರ್ಗದ ಪ್ರಮಾಣಪತ್ರ ಸಿಗುವ ದಾರಿ ತೆರೆಯುತ್ತದೆ.

2025ರ ಆಗಸ್ಟ್ 29ರಂದು ಮನೋಜ್ ಜರಾಂಗೆ ಪಾಟೀಲ್ ಆಜಾದ್ ಮೈದಾನದಲ್ಲಿ ಉಪವಾಸ ಕುಳಿತಾಗ ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿದ ನಮ್ಮಂಥ ನೌಕರದಾರರೆಲ್ಲ ಆ ಬೇಡಿಕೆಯನ್ನು ಕಣ್ಣಾರೆ ಕಂಡೆವು. ಮರಾಠವಾಡದ ಹಳ್ಳಿಗಳಿಂದ ಬಂದವರು ಪ್ಲಾಟ್‌ಫಾರಂ ಮೇಲೆ ಬುತ್ತಿ ಬಿಚ್ಚಿ ಉಂಡು ಅಲ್ಲೇ ಮಲಗಿದ್ದರು. ಐದನೇ ದಿನ, ಸೆಪ್ಟೆಂಬರ್ 2ರಂದು, ಹೈದರಾಬಾದ್ ಗೆಜೆಟಿಯರಿನ ಆಧಾರವನ್ನು ಒಪ್ಪಿ ಸರ್ಕಾರ ಆದೇಶ ಹೊರಡಿಸಿತು. ಅದಕ್ಕೂ ಮೊದಲು, 2023ರ ಸೆಪ್ಟೆಂಬರಿನಲ್ಲಿ, ನಿವೃತ್ತ ನ್ಯಾಯಮೂರ್ತಿ ಸಂದೀಪ್ ಶಿಂಧೆ ಅವರ ಸಮಿತಿ ನೇಮಕವಾಗಿತ್ತು. ನಿಜಾಮರ ಕಾಲದ ಕಡತಗಳಿಂದ ಶುರುವಾದ ಶೋಧ ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು. 50 ಲಕ್ಷಕ್ಕೂ ಹೆಚ್ಚು ಕುಣಬಿ ನಮೂದುಗಳು ಸಿಕ್ಕಿವೆ ಎಂದು ಸರ್ಕಾರವೇ ಹೇಳಿತು. ಬಹಳಷ್ಟು ಕಡತಗಳು ಮೋಡಿ ಲಿಪಿಯಲ್ಲಿದ್ದುದರಿಂದ, ಅಲ್ಲಿಯವರೆಗೆ ಯಾರೂ ಕೇಳದಿದ್ದ ಮೋಡಿ ಓದುಗರಿಗೆ ಒಮ್ಮೆಲೇ ಬೆಲೆ ಬಂತು.

ಮೀಸಲಾತಿ ಯಾರಿಗೆ ಸಿಗಬೇಕು, ಯಾರ ಪಾಲಿನಿಂದ ಸಿಗಬೇಕು ಎಂಬುದು ದೊಡ್ಡ ಪ್ರಶ್ನೆ. ಅದಕ್ಕೆ ಕೋರ್ಟುಗಳಿವೆ, ಆಯೋಗಗಳಿವೆ. ಈ ಅಂಕಣದ ವಿಷಯ ಅದಲ್ಲ. ನನ್ನನ್ನು ಕಾಡಿದ್ದು ಅದರ ಪಕ್ಕದಲ್ಲೇ ಇರುವ ಇನ್ನೊಂದು ಪ್ರಶ್ನೆ. ಹಳೆಯ ಕಾಗದವೊಂದು ಕೈಗೆ ಬಂದು, ‘ನಿಮ್ಮ ಮನೆತನದ ಬಗ್ಗೆ ನೀವು ಇಷ್ಟು ದಿನ ಹೇಳಿಕೊಂಡು ಬಂದದ್ದು ಹೀಗಲ್ಲ’ ಎಂದರೆ ಏನು ಮಾಡಬೇಕು?

ಮರಾಠಿಯಲ್ಲಿ ಹಳೆಯದೊಂದು ಗಾದೆಯಿದೆ: ‘ಕುಣಬಿ ಮಾಜಲಾ, ಮರಾಠಾ ಝಾಲಾ’. ಕುಣಬಿಯ ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಅವನು ಮರಾಠನಾಗುತ್ತಾನೆ ಎಂದು ಅದರ ಅರ್ಥ. ಗಾದೆಯಲ್ಲಿ ಕುಹಕವಿದೆ, ಆದರೆ ಇತಿಹಾಸವೂ ಇದೆ. ನೂರು-ನೂರಿಪ್ಪತ್ತು ವರ್ಷಗಳ ಹಿಂದೆ ನೇಗಿಲು ಹಿಡಿದ ಎಷ್ಟೋ ಮನೆತನಗಳು ಸ್ವಲ್ಪ ಸುಧಾರಿಸಿದ ಕೂಡಲೇ ತಮ್ಮನ್ನು ಕ್ಷತ್ರಿಯರೆಂದು ಬರೆಸಲು ಒದ್ದಾಡಿದವು. ಮರಾಠರು ಮಾತ್ರವಲ್ಲ, ದೇಶದ ತುಂಬ ಇದೇ ಕಥೆ. 1901ರ ಜನಗಣತಿಯಲ್ಲಿ ರಿಸ್ಲೆ ಸಾಹೇಬ ಜಾತಿಗಳನ್ನು ಸಾಮಾಜಿಕ ಅಂತಸ್ತಿನ ಪ್ರಕಾರ ಮೇಲೆ ಕೆಳಗೆ ಇಟ್ಟು ಪಟ್ಟಿ ಮಾಡಲು ಹೊರಟಾಗ, ‘ನಮ್ಮನ್ನು ಮೇಲೆ ಬರೆಯಿರಿ’ ಎಂಬ ಅರ್ಜಿಗಳು ರಾಶಿ ಬಿದ್ದವು. ಪ್ರತಿ ಅರ್ಜಿಯ ಜೊತೆಗೂ ಪುರಾಣ, ವಂಶಾವಳಿ, ಪಂಡಿತರ ಅಭಿಪ್ರಾಯ. ಇಂದು ಅದೇ ಮನೆತನಗಳ ಮರಿಮಕ್ಕಳು ಅದೇ ಕಪಾಟುಗಳಲ್ಲಿ ಎದುರು ದಿಕ್ಕಿನ ಪುರಾವೆ ಹುಡುಕುತ್ತಿದ್ದಾರೆ.

ಇದನ್ನು ಹೇಳಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಅಂದು ಅಜ್ಜನಿಗೆ ಬೇಕಾಗಿದ್ದು ಊರಲ್ಲಿ ಮಾನ, ಇಂದು ಮೊಮ್ಮಗನಿಗೆ ಬೇಕಾಗಿರುವುದು ಕಾಲೇಜಿನಲ್ಲಿ ಸೀಟು, ಸರ್ಕಾರಿ ನೌಕರಿ. ಇಬ್ಬರೂ ತಮ್ಮ ಕಾಲದ ವ್ಯವಸ್ಥೆ ಕೇಳಿದ್ದನ್ನೇ ಒದಗಿಸಲು ಹೊರಟವರು. ಇಲ್ಲಿ ಗಮನಿಸಬೇಕಾದ ಮಾತು ಬೇರೆ. ಮನೆತನದ ಕಥೆ ತನ್ನಷ್ಟಕ್ಕೆ ಹುಟ್ಟುವುದಿಲ್ಲ, ಯಾವುದೋ ಅಗತ್ಯಕ್ಕೆ ಹುಟ್ಟುತ್ತದೆ. ಕಾಗದವೂ ಹಾಗೆಯೇ.

ಇದು ಮರಾಠಿಗರ ಮಾತು, ನಮಗೇನು ಎಂದು ಮುಂಬೈ ಕನ್ನಡಿಗರು ಸುಮ್ಮನಿರುವಂತಿಲ್ಲ. ನಮ್ಮ ಮನೆಗಳಲ್ಲೂ ಒಂದು ತಾರೀಖು ಗೋಡೆಯಂತೆ ನಿಂತಿದೆ. ಬೇರೆ ರಾಜ್ಯದಿಂದ ಬಂದ ಕುಟುಂಬಕ್ಕೆ ಮಹಾರಾಷ್ಟ್ರದಲ್ಲಿ ಹಿಂದುಳಿದ ವರ್ಗದ ಪ್ರಮಾಣಪತ್ರ ಬೇಕಾದರೆ 1967ರ ಅಕ್ಟೋಬರ್ 13ಕ್ಕಿಂತ ಮೊದಲೇ ಹಿರಿಯರು ಈ ರಾಜ್ಯದಲ್ಲಿದ್ದರು ಎಂದು ತೋರಿಸಬೇಕು. ಪರಿಶಿಷ್ಟ ಜಾತಿಗೆ ಆ ತಾರೀಖು 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಕ್ಕೆ 1950ರ ಸೆಪ್ಟೆಂಬರ್ 6. ಮೂರು ತಲೆಮಾರು ಇಲ್ಲೇ ಹುಟ್ಟಿ ಬೆಳೆದು ಲೋಕಲ್ ಟ್ರೇನಿನಲ್ಲಿ ಜೋತಾಡಿದ್ದರೂ ಈ ಕಾಗದವಿಲ್ಲದಿದ್ದರೆ ಮೊಮ್ಮಗಳ ಅರ್ಜಿ ಮುಂದೆ ಹೋಗುವುದಿಲ್ಲ.

ಆಗ ಮನೆಯ ಕಥೆ ಪರೀಕ್ಷೆಗೆ ಕೂರುತ್ತದೆ. ಪ್ರತಿ ಮುಂಬೈ ಕನ್ನಡ ಮನೆಯಲ್ಲೂ ಅಜ್ಜ ಮುಂಬೈಗೆ ಬಂದ ಕಥೆ ಒಂದಿರುತ್ತದೆ. ಕಿಸೆಯಲ್ಲಿ ಐದು ರೂಪಾಯಿ, ಮಂಗಳೂರಿನಿಂದ ಹಡಗು ಅಥವಾ ಸೊಲ್ಲಾಪುರದ ಮೇಲೆ ಬರುವ ರೈಲು, ಹೋಟೆಲಿನಲ್ಲಿ ಲೋಟ ತೊಳೆದದ್ದು, ರಾತ್ರಿ ಶಾಲೆಯಲ್ಲಿ ಓದಿದ್ದು. ವರ್ಷ ಕೇಳಿದರೆ ‘ಸ್ವಾತಂತ್ರ್ಯ ಬಂದ ಹೊಸದರಲ್ಲಿ’ ಎನ್ನುತ್ತಾರೆ. ಫೋರ್ಟ್ ಕಡೆಯ ಹಳೆಯ ಕನ್ನಡ ರಾತ್ರಿ ಶಾಲೆಯ ರಿಜಿಸ್ಟರಿನಲ್ಲಿ ಅಜ್ಜನ ಹೆಸರು ಸಿಕ್ಕರೆ ಆ ಕಥೆಗೆ ಬೆಂಬಲ ಸಿಕ್ಕಂತೆ. ಸಿಕ್ಕ ಕಾಗದದಲ್ಲಿ 1969 ಎಂದಿದ್ದರೆ? ಎರಡು ವರ್ಷದ ಅಂತರದಲ್ಲಿ ಮೊಮ್ಮಗಳ ಭವಿಷ್ಯವೂ ಅಜ್ಜನ ಕಥೆಯೂ ಒಟ್ಟಿಗೆ ಅಲುಗಾಡುತ್ತವೆ. ಅಜ್ಜ ಸುಳ್ಳು ಹೇಳಿದನೇ? ಇರಲಿಕ್ಕಿಲ್ಲ. ಮೊದಲು ಬಂದವನು ಅವನ ಅಣ್ಣನಿರಬಹುದು. ಅಣ್ಣನ ಕಥೆ ತಮ್ಮನ ಬಾಯಲ್ಲಿ ‘ನಾವು ಬಂದಾಗ’ ಎಂದಾಯಿತು, ಅದು ಮೊಮ್ಮಕ್ಕಳ ಕಿವಿಯಲ್ಲಿ ‘ಅಜ್ಜ ಬಂದಾಗ’ ಎಂದಾಯಿತು. ಮನೆತನದ ಚರಿತ್ರೆ ಬಹುಪಾಲು ಹೀಗೇ ಬದಲಾಗುವುದು, ಯಾರೂ ಬೇಕೆಂದು ಸುಳ್ಳು ಹೇಳದೆ.

ಹಾಗಾದರೆ ಬಾಯಿಮಾತನ್ನು ಬಿಟ್ಟು ಬರೆದದ್ದನ್ನು ನಂಬೋಣವೇ? ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಬೈಕು, ಟೆಂಪೊ. ಇಂತಿಂಥ ಮನೆತನ ಇಂತಿಂಥ ಹೆಳವನಿಗೆ ಎಂದು ಹಂಚಿಕೆಯಿದೆ. ಅವರು ಕಟ್ಟೆಯ ಮೇಲೆ ಕುಳಿತು ನಿಮ್ಮ ವಂಶದ ಮೂಲ ಊರು, ಮೂಲ ಪುರುಷ, ಅವನ ಮಕ್ಕಳು, ಯಾವ ಬರಗಾಲಕ್ಕೆ ಯಾರು ಎಲ್ಲಿಗೆ ಗುಳೆ ಹೋದರು ಎಂಬುದನ್ನೆಲ್ಲ ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಹೊತ್ತಿಗೆಯಲ್ಲಿ ಸೇರಿಸಿಕೊಂಡು, ಕಾಳು-ಕಡಿ, ಬಟ್ಟೆ, ರೊಕ್ಕ ಪಡೆದು ಹೋಗುತ್ತಾರೆ. ನಾಸಿಕ, ತ್ರ್ಯಂಬಕೇಶ್ವರಗಳ ತೀರ್ಥ ಪುರೋಹಿತರ ಬಳಿಯೂ ಇಂಥ ಪುಸ್ತಕಗಳಿವೆ. ಅಸ್ಥಿ ಬಿಡಲು ಹೋದವರಿಗೆ ಮುತ್ತಜ್ಜನ ಸಹಿ ತೋರಿಸುತ್ತಾರೆ. ಇವು ಬೆಲೆ ಕಟ್ಟಲಾಗದ ದಾಖಲೆಗಳು. ಸರ್ಕಾರ ಬಡವರ ಹೆಸರು ಬರೆದುಕೊಳ್ಳದ ಕಾಲದಲ್ಲಿ ಇವರು ಬರೆದುಕೊಂಡಿದ್ದಾರೆ.

ಆದರೆ ಕೇಳುವವನ ಮುಖ ನೋಡಿ ಹೇಳುವ ಕಲೆಯೂ ಇದರಲ್ಲಿ ಸೇರಿದೆ. ದಕ್ಷಿಣೆ ಕೊಡುವವನ ಎದುರು ಅವನ ಮೂಲಪುರುಷನನ್ನು ಶೂರನೆಂದು ಹೊಗಳುವುದು ಸಹಜ. ಇದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಅಲೆಕ್ಸ್ ಹೇಲಿ 1976ರಲ್ಲಿ ‘ರೂಟ್ಸ್’ ಪ್ರಕಟಿಸಿ ಜಗತ್ತನ್ನೇ ಬೆರಗುಗೊಳಿಸಿದರು. ಗುಲಾಮನಾಗಿ ಬಂದ ತಮ್ಮ ಪೂರ್ವಜನ ಊರು ಹುಡುಕಿಕೊಂಡು ಆಫ್ರಿಕದ ಗ್ಯಾಂಬಿಯಾಕ್ಕೆ ಹೋದಾಗ, ನಮ್ಮ ಹೆಳವರಂತೆಯೇ ವಂಶಾವಳಿ ಹೇಳುವವರೊಬ್ಬರು ಅವರಿಗೆ ಆ ಪೂರ್ವಜನ ಕಥೆ ಹೇಳಿದ್ದರು. ಆಮೇಲೆ ಪತ್ರಕರ್ತರೂ ವಂಶಾವಳಿ ಸಂಶೋಧಕರೂ ತಾಳೆ ನೋಡಿದಾಗ ಕಥೆಗೂ ದಾಖಲೆಗೂ ಹೊಂದಾಣಿಕೆಯಾಗಲಿಲ್ಲ. ಹಾಗೆಂದು ಲಕ್ಷಾಂತರ ಕಪ್ಪು ಜನರಿಗೆ ತಮ್ಮ ಬೇರು ಹುಡುಕುವ ಧೈರ್ಯ ಕೊಟ್ಟ ಪುಸ್ತಕ ಅದು ಎಂಬುದು ಸುಳ್ಳಾಗುವುದಿಲ್ಲ. ಎರಡೂ ನಿಜ, ಎರಡನ್ನೂ ಹೇಳಬೇಕು.

ರಾಜಮನೆತನಗಳೇ ಈ ಗೊಂದಲದಿಂದ ಪಾರಾಗಿಲ್ಲ. 1674ರಲ್ಲಿ ರಾಯಗಡದಲ್ಲಿ ಶಿವಾಜಿ ಮಹಾರಾಜರ ಪಟ್ಟಾಭಿಷೇಕಕ್ಕೆ ಕ್ಷತ್ರಿಯತ್ವದ ಪ್ರಶ್ನೆ ಎದ್ದಾಗ, ಭೋಸಲೆ ಮನೆತನ ಮೇವಾಡದ ಸಿಸೋದಿಯಾ ವಂಶಕ್ಕೆ ಸೇರಿದ್ದು ಎಂಬ ವಂಶಾವಳಿ ಮುಂದೆ ಬಂತು. ಕಾಶಿಯ ಗಾಗಾ ಭಟ್ಟರು ಪಟ್ಟಾಭಿಷೇಕ ನಡೆಸಿಕೊಟ್ಟರು. 1930ರ ದಶಕದಲ್ಲಿ ನಮ್ಮ ಮುಧೋಳದ ಘೋರ್ಪಡೆ ಸಂಸ್ಥಾನದ ಬಳಿಯಿದ್ದ ಪಾರ್ಸಿ ಫರ್ಮಾನುಗಳು ಪ್ರಕಟವಾದವು. ಭೋಸಲೆ, ಘೋರ್ಪಡೆ ಎರಡೂ ಒಂದೇ ಮೂಲದವು, ಚಿತ್ತೂರಿನಿಂದ ದಖ್ಖನಿಗೆ ಬಂದವು ಎಂಬುದಕ್ಕೆ ಅವು ಪುರಾವೆಯೆಂದು ಕೆಲವು ಇತಿಹಾಸಕಾರರು ಒಪ್ಪಿದರು. ಅವು ಅಸಲಿಯೇ ಎಂದು ಉಳಿದವರು ಪ್ರಶ್ನಿಸಿದರು. ಮುಂದೆ ಮರಾಠಿಯ ದೊಡ್ಡ ಸಂಶೋಧಕ ರಾ.ಚಿಂ. ಢೇರೆ ಅವರು ಶಿಖರ ಶಿಂಗಣಾಪುರದ ಶಂಭು ಮಹಾದೇವನ ಬೆನ್ನು ಹತ್ತಿ, ಭೋಸಲೆಯವರ ಮೂಲವನ್ನು ಗದಗ ಜಿಲ್ಲೆಯ ಸೊರಟೂರಿಗೆ ಜೋಡಿಸಿದರು. ಅದು ಪಂಡಿತರ ಚರ್ಚೆಯಾಗಿಯೇ ಉಳಿಯಬೇಕಿತ್ತು. 2021ರಲ್ಲಿ ಗಡಿ ವಿವಾದ ಮತ್ತೆ ಎದ್ದಾಗ ಆಗಿನ ಉಪಮುಖ್ಯಮಂತ್ರಿ ಗೋವಿಂದ ಕಾರಜೋಳ ಅವರು ಶಿವಾಜಿಯ ಪೂರ್ವಜರು ಸೊರಟೂರಿನವರು ಎಂದು ಮುಂಬೈಗೆ ಉತ್ತರ ಕೊಟ್ಟರು. ಒಬ್ಬ ಸಂಶೋಧಕನ ಜೀವಮಾನದ ದುಡಿಮೆ ಒಂದೇ ದಿನದಲ್ಲಿ ಜಗಳದ ಕಲ್ಲಾಯಿತು. ಮಹಾರಾಜರ ಕೀರ್ತಿ ಚಿತ್ತೂರಿನಿಂದಲೂ ಬಂದದ್ದಲ್ಲ, ಸೊರಟೂರಿನಿಂದಲೂ ಬಂದದ್ದಲ್ಲ. ಅವರು ಗಳಿಸಿದ್ದು ಅವರದು. ಇಷ್ಟು ಸರಳ ಮಾತು ನಮ್ಮ ಗದ್ದಲದಲ್ಲಿ ಕೇಳಿಸುವುದೇ ಇಲ್ಲ.

ದೊಡ್ಡವರ ಮಾತು ಬಿಡಿ. ನಮ್ಮ ಮನೆಯಲ್ಲೇ ಈಗ ಇಂಥದ್ದೊಂದು ಕಾಗದ ಮೇಜಿನ ಮೇಲಿದೆ. ನಮ್ಮೂರು ಜಮಖಂಡಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಗೆ ಹತ್ತಿರ. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಲ್ಲಿ ಮುಳುಗಡೆಯಾಗುವ ಜಮೀನುಗಳಿಗೆ ಎಕರೆಗೆ ನೀರಾವರಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ಅಂದಿನಿಂದ ಆ ಭಾಗದ ಮನೆ ಮನೆಯಲ್ಲಿ ವಂಶಾವಳಿ ಬರೆಸುವ ಕೆಲಸ. ನಮ್ಮದೂ ನಾಲ್ಕು ಎಕರೆ ಇದೆ. ಪೆಟ್ಟಿಗೆ ತೆಗೆದು ಕಾಗದ ಹುಡುಕುವಾಗ ಜಮಖಂಡಿ ಸಂಸ್ಥಾನದ ಕಾಲದ ಒಂದು ಪಾವತಿ ಸಿಕ್ಕಿತು. ಮೋಡಿ ಲಿಪಿ, 1946ನೇ ಇಸವಿ. ಠಾಣೆಯಲ್ಲಿ ಮೋಡಿ ಬಲ್ಲ ನಿವೃತ್ತ ಶಿಕ್ಷಕರೊಬ್ಬರು ಓದಿ ಹೇಳಿದರು.

ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಚರಿತ್ರೆ ಹೀಗೆ: ಮುತ್ತಜ್ಜ ಸಾವಕಾರನಿಗೆ ಒತ್ತೆ ಇಟ್ಟ ಹೊಲವನ್ನು ಅಜ್ಜ ಪರೇಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು, ಹೊಟ್ಟೆ ಕಟ್ಟಿ ಮನಿಯಾರ್ಡರ್ ಕಳಿಸಿ ಬಿಡಿಸಿದರು. ನಮ್ಮ ಮನೆಯಲ್ಲಿ ಮಕ್ಕಳು ಓದದಿದ್ದರೆ ಹೇಳುತ್ತಿದ್ದುದು ಈ ಕಥೆಯನ್ನೇ. ಕಾಗದದಲ್ಲಿ ಅಜ್ಜನ ಹೆಸರೇ ಇಲ್ಲ. ಸಾಲ ತೀರಿಸಿದವಳು ಅಜ್ಜನ ತಂಗಿ. ಗಂಡ ಸತ್ತ ಮೇಲೆ ತವರಿಗೆ ಬಂದವಳು. ಪುತಳಿ ಸರ ಮತ್ತು ಪಾಟ್ಲಿ ಕೊಟ್ಟು ಒತ್ತೆ ಬಿಡಿಸಿಕೊಂಡದ್ದಕ್ಕೆ ಅವಳ ಎಡಗೈ ಹೆಬ್ಬೆಟ್ಟಿನ ಗುರುತಿದೆ. ಅಜ್ಜನ ಸೇವಾ ಪುಸ್ತಕ ನಮ್ಮ ಬಳಿಯೇ ಇದೆ. ಅವರು ವರ್ಕ್‌ಶಾಪಿಗೆ ಸೇರಿದ್ದು 1949ರಲ್ಲಿ.

ಬಹುಶಃ ಸಾಫ್ಟ್‌ವೇರ್ ಕೆಲಸದವನಾದ್ದರಿಂದ ನಾನು ಮೊದಲು ಅನುಮಾನಪಟ್ಟದ್ದು ಕಾಗದವನ್ನೇ. ನಮ್ಮ ವೃತ್ತಿಯಲ್ಲಿ ದತ್ತಾಂಶ ಬಂದ ಕೂಡಲೇ ಕೇಳುವ ಪ್ರಶ್ನೆಗಳಿವೆ: ಇದನ್ನು ಯಾರು ತುಂಬಿದರು, ಯಾವಾಗ, ಯಾತಕ್ಕಾಗಿ, ಇದಕ್ಕೆ ಸಂಬಂಧವಿಲ್ಲದ ಬೇರೊಂದು ಕಡೆಯಿಂದ ಇದೇ ಮಾತು ಬರುತ್ತದೆಯೇ? ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ಹೊಂದಿಸಿಬಿಡುವುದು ನಮ್ಮ ಕೆಲಸದಲ್ಲಿ ದಿನನಿತ್ಯ ಎದುರಾಗುವ ಅಪಾಯ. ಪಾವತಿಯಲ್ಲಿ ಹೊಲದ ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಇತ್ತು, ಅದು ನಮ್ಮದೇ ಹೊಲ. ತಂದೆಯ ಹೆಸರು, ಗಂಡನ ಹೆಸರು ಎರಡೂ ಹೊಂದಿದವು. ಅದೇ ಓಣಿಯಲ್ಲಿ ತೊಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಅವರನ್ನು ಕೇಳಿದಾಗ ಹೇಳಿದ್ದು ಇಷ್ಟು: ‘ಆಕಿ ಕೊಳ್ಳಾಗ ಪುತಳಿ ಸರ ಇತ್ತ ನೋಡಪಾ. ಆಮ್ಯಾಲ ಇರಲಿಲ್ಲ. ಯಾರೂ ನನ್ನ ಕೇಳಲಿಲ್ಲ, ನಾ ಹೇಳಲಿಲ್ಲ.’

ಕಾಗದ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ಗೊತ್ತಿರಬೇಕು. ಅಜ್ಜ ಆಮೇಲೆ ತಂಗಿಗೆ ಒಡವೆಯ ಋಣ ತೀರಿಸಿರಬಹುದು. ಮನಿಯಾರ್ಡರ್ ಕಥೆ ಅಲ್ಲಿಂದಲೇ ಹುಟ್ಟಿರಬಹುದು. ಅದಕ್ಕೆ ಚೀಟಿ ಸಿಕ್ಕಿಲ್ಲ. ಅಜ್ಜ ಹೊಟ್ಟೆ ಕಟ್ಟಿ ದುಡಿದದ್ದಂತೂ ಸುಳ್ಳಲ್ಲ, ಅಪ್ಪ, ಕಾಕಾ ಓದಿದ್ದು ಅದೇ ದುಡ್ಡಿನಲ್ಲಿ. ಆದರೆ 1946ರ ಆ ದಿನ ಹೊಲ ಉಳಿಸಿದವಳು ಆಕೆ. ಈಗ ನೋಟರಿಯ ಮುಂದೆ ಅಫಿಡವಿಟ್ ಮಾಡಿ ನಾಡಕಚೇರಿಗೆ ಕೊಡಬೇಕಾದ ವಂಶವೃಕ್ಷದ ಕರಡಿನಲ್ಲಿ ಆಕೆಯ ಹೆಸರೇ ಇಲ್ಲ. ಆಕೆಗೆ ಒಬ್ಬಳೇ ಮಗಳಿದ್ದಳು. ಆ ಮಗಳ ಮಗಳು ಇಲ್ಲೇ ಕಳವಾದಲ್ಲಿ ಒಂದು ಕೋಣೆಯ ಮನೆಯಲ್ಲಿದ್ದಾರೆ. ನಮ್ಮ ಮನೆಯ ಮದುವೆಗಳಲ್ಲಿ ಅವರನ್ನು ‘ದೂರದ ಸಂಬಂಧ’ ಎಂದು ಪರಿಚಯಿಸುವುದು ರೂಢಿ.

ಕಾನೂನು ಕೇಳಿದರೆ ಅವರಿಗೆ ಏನೂ ಬರುವುದಿಲ್ಲ ಎಂದು ವಕೀಲರು ಹೇಳಿದ್ದಾರೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕರ್ನಾಟಕದಲ್ಲಿ ಬಂದದ್ದು 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಆಕೆ ಅಷ್ಟೊತ್ತಿಗೆ ಇರಲಿಲ್ಲ. ಮನೆಯಲ್ಲಿ ಮಾತು ಎರಡಾಗಿದೆ. ಪರಿಹಾರ ಬಂದರೆ ಅದರಲ್ಲಿ ಒಂದು ಪಾಲು ಕಳವಾಕ್ಕೆ ಹೋಗಬೇಕು ಎಂದು ಅಪ್ಪ, ಒಬ್ಬ ಕಾಕಾ ಮತ್ತು ನಾನು ಹೇಳುತ್ತಿದ್ದೇವೆ. ಇನ್ನೊಬ್ಬ ಕಾಕಾ, ‘ತಮ್ಮಾ, ಋಷಿಮೂಲ, ನದೀಮೂಲ ಹುಡುಕಬಾರದು ಅಂತಾರ. ಸತ್ತವರ ಕಾಗದ ಕೆದಕಿ ಇದ್ದವರ ನಡುವೆ ಜಗಳ ಹಚ್ಚಬ್ಯಾಡ’ ಎನ್ನುತ್ತಿದ್ದಾರೆ. ಅವರು ಕೆಟ್ಟವರಲ್ಲ. ಎರಡು ಬೆಳೆ ಕಳೆದುಕೊಂಡು, ಮಗಳ ಮದುವೆಯ ಸಾಲ ತಲೆಯ ಮೇಲಿಟ್ಟುಕೊಂಡು ಊರಲ್ಲೇ ಉಳಿದವರು. ಅವರಿಗೆ ಪ್ರತಿ ಲಕ್ಷವೂ ಲೆಕ್ಕ. ತಿಂಗಳ ಸಂಬಳದವನು ಔದಾರ್ಯ ಮಾತಾಡುವುದು ಸುಲಭ ಎಂದು ಅವರು ಅಂದರೆ ಅದರಲ್ಲೂ ಸತ್ಯವಿದೆ. ಆದ್ದರಿಂದ ಆ ಪಾಲನ್ನು ಅಪ್ಪನ ಭಾಗದಿಂದ ಮೊದಲು ತೆಗೆಯೋಣ ಎಂಬ ಮಾತೂ ಇದೆ. ಇನ್ನೂ ಇತ್ಯರ್ಥವಾಗಿಲ್ಲ. ನನ್ನ ಹಟ ಒಂದೇ: ಪಾಲಿನ ಮಾತು ಏನೇ ಆಗಲಿ, ನಾವು ಮನೆಯಲ್ಲಿ ಇಟ್ಟುಕೊಳ್ಳುವ ವಂಶಾವಳಿಯಲ್ಲಿ ಆಕೆಯ ಹೆಸರು, ಪುತಳಿ ಸರದ ವಿಷಯ ಎರಡೂ ಇರಬೇಕು.

ಕಾಕಾ ಹೇಳಿದ ಗಾದೆಯನ್ನು ನಾವೆಲ್ಲ ಕೇಳುತ್ತ ಬೆಳೆದಿದ್ದೇವೆ. ಅದರ ಒಳ್ಳೆಯ ಅರ್ಥ ನನಗೆ ಒಪ್ಪಿಗೆ. ಮನುಷ್ಯನ ಯೋಗ್ಯತೆಯನ್ನು ಅವನ ಹುಟ್ಟಿನಲ್ಲಿ ಹುಡುಕಬೇಡ, ಅವನ ನಡೆಯಲ್ಲಿ ನೋಡು ಎಂಬುದು ದೊಡ್ಡ ಮಾತು. ಆದರೆ ನಾವು ಗಾದೆಯನ್ನು ಬಳಸುವುದು ಹಾಗಲ್ಲ. ಹೊಗಳಿಕೆಯ ಮೂಲ ಸಿಕ್ಕಾಗ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಋಣದ ಮೂಲ ಸಿಕ್ಕಾಗ ಮಾತ್ರ ಋಷಿಯೂ ನದಿಯೂ ನೆನಪಾಗುತ್ತಾರೆ. ವಂಶಾವಳಿ ಬೇಡವೆಂದರೆ ಎಲ್ಲಕ್ಕೂ ಬೇಡ. ಅಫಿಡವಿಟ್‌ಗೆ ಬೇಕು, ಪರಿಹಾರಕ್ಕೆ ಬೇಕು, ಸೀಟಿಗೆ ಬೇಕು, ಆದರೆ ಸತ್ಯಕ್ಕೆ ಬೇಡ ಎಂದರೆ ಹೇಗೆ?

ವಂಶಾವಳಿಗಳಲ್ಲಿ ಹೆಂಗಸರು ಕಾಣೆಯಾಗಿರುವುದು ನಮ್ಮೊಬ್ಬರ ಮನೆಯ ಕಥೆಯಲ್ಲ. ಗಂಡಿಗೆ ‘ಬಿನ್’ ಎಂದು ತಂದೆಯ ಹೆಸರು, ಹೆಣ್ಣಿಗೆ ‘ಕೋಂ’ ಎಂದು ಗಂಡನ ಹೆಸರು. ತವರಿನ ಪಟ್ಟಿಯಲ್ಲಿ ಅವಳು ಮದುವೆಯಾಗುತ್ತಲೇ ಹೋದಳು, ಅತ್ತೆಯ ಮನೆಯ ಪಟ್ಟಿಯಲ್ಲಿ ಬಹಳ ಸಲ ‘ಹೆಂಡತಿ’ ಎಂಬಷ್ಟೇ ಉಳಿದಳು. ತಾಯಿಯ ಕಡೆಯಿಂದ ವಂಶ ಎಣಿಸುವ ತುಳುನಾಡಿನ ಬಳಿ ಕುಟುಂಬಗಳನ್ನು ಬಿಟ್ಟರೆ ಉಳಿದೆಡೆಯೆಲ್ಲ ಇದೇ ಕಥೆ. ಮುಂಬೈಯಲ್ಲಿ ನನ್ನ ಬಂಟ ಸ್ನೇಹಿತರಿಗೆ ತಾಯಿಯ ತಾಯಿಯ ತಾಯಿಯ ಹೆಸರು ಬಾಯಲ್ಲಿದೆ. ನಮಗೆ ಅಜ್ಜಿಯ ತವರು ಹೆಸರೇ ಗೊತ್ತಿರುವುದಿಲ್ಲ. ಕುಣಬಿ ನಮೂದು ಹುಡುಕುವಾಗಲೂ ತಂದೆಯ ಕಡೆಯ ರಕ್ತಸಂಬಂಧಕ್ಕೇ ಬೆಲೆ. ತಾಯಿಯ ಕಡೆ ಎಷ್ಟು ದಾಖಲೆ ಸಿಕ್ಕರೂ ಪ್ರಮಾಣಪತ್ರಕ್ಕೆ ಅದು ಬರುವುದಿಲ್ಲ.

ಕರ್ನಾಟಕದಲ್ಲೂ 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಹೊತ್ತಿನಲ್ಲಿ ಜಾತಿ ಕಾಲಂನಲ್ಲಿ ಏನು ಬರೆಸಬೇಕು ಎಂದು ಸಂಘಗಳು, ಮಠಗಳು ಕರೆ ಕೊಟ್ಟದ್ದನ್ನು ನೋಡಿದೆವು. ಒಂದು ದಿನ ಅದೂ ಹಳೆಯ ಕಾಗದವಾಗುತ್ತದೆ. ಐವತ್ತು ವರ್ಷದ ನಂತರ ಯಾರದೋ ಮೊಮ್ಮಗಳು ಅದನ್ನು ತೆಗೆದು, ‘ಅಜ್ಜ ಹೀಗೇಕೆ ಬರೆಸಿದ?’ ಎಂದು ತಲೆ ಕೆರೆದುಕೊಳ್ಳುತ್ತಾಳೆ. ಅಂದಿನ ಕರೆಗಳು, ಅಂದಿನ ಆಸೆ, ಅಂದಿನ ಭಯ ಯಾವುದೂ ಆ ಕಾಲಂನಲ್ಲಿ ಇರುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಹಳೆಯ ಕಾಗದ ಸಿಕ್ಕಾಗ ಎರಡು ಅವಸರಗಳಿಂದ ದೂರವಿರಬೇಕು. ಒಂದು, ‘ಇದರಿಂದ ನಮಗೇನು ಸಿಗುತ್ತದೆ’ ಎಂಬ ಅವಸರ. ಇನ್ನೊಂದು, ‘ಇದನ್ನು ಯಾರಿಗೂ ತೋರಿಸಬೇಡ’ ಎಂಬ ಅವಸರ. ಮೊದಲು ಫೋಟೊ ತೆಗೆದಿಡಿ, ಮನೆಯ ನಾಲ್ಕು ಜನರಿಗೆ ಕಳಿಸಿ. ಒಬ್ಬರ ಕಪಾಟಿನಲ್ಲಿರುವ ಕಾಗದ ಒಬ್ಬರ ಮರ್ಜಿಯಲ್ಲಿರುತ್ತದೆ. ಓದಲು ಬಾರದ ಲಿಪಿಯಾದರೆ ಬಲ್ಲವರಿಂದ ಓದಿಸಿ. ಸಾಧ್ಯವಾದರೆ ಪರಸ್ಪರ ಪರಿಚಯವಿಲ್ಲದ ಇಬ್ಬರಿಂದ ಓದಿಸಿ. ಅದನ್ನು ಬರೆದವನು ಗುಮಾಸ್ತನೇ, ಪುರೋಹಿತನೇ, ಸಾವಕಾರನೇ, ಬರೆಯುವಾಗ ಅವನಿಗೆ ಬೇಕಾಗಿದ್ದೇನು ಎಂದು ಕೇಳಿಕೊಳ್ಳಿ. ಅದೇ ಕಾಲದ ಇನ್ನೊಂದು ಕಾಗದದ ಜೊತೆ ತಾರೀಖು ತಾಳೆ ನೋಡಿ. ಆಮೇಲೆ ಮನೆಯ ಮುದುಕಿಯರ ಹತ್ತಿರ ಹೋಗಿ ಕುಳಿತುಕೊಳ್ಳಿ. ಅವರನ್ನು ಯಾರೂ ಕೇಳಿರುವುದಿಲ್ಲ. ಈ ಕಾಗದ ಎಷ್ಟು ದಿನ ಕಾಯಿತೋ, ಇನ್ನೊಂದಿಷ್ಟು ದಿನ ಕಾಯಬಲ್ಲದು. ತೊಂಬತ್ತು ದಾಟಿದವರು ಕಾಯಲಾರರು.

ಕೊನೆಗೆ ಉಳಿಯುವುದು ಒಂದು ಹೆದರಿಕೆ. ಹಿರಿಯರ ಕಥೆಯನ್ನು ಪ್ರಶ್ನಿಸಿದರೆ ಅವರಿಗೆ ಅವಮಾನವಾಗುತ್ತದೆ, ನಮ್ಮ ಬೇರು ಸಡಿಲವಾಗುತ್ತದೆ ಎಂಬ ಹೆದರಿಕೆ. ಊರು ಬಿಟ್ಟು ಬಂದ ನಮಗೆ ಇದು ಸ್ವಲ್ಪ ಹೆಚ್ಚೇ ಇದೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಊರಿನಿಂದ ತಂದದ್ದೆಂದರೆ ಆ ಕಥೆಯೊಂದೇ. ಅದೂ ಹೋದರೆ ಉಳಿಯುವುದೇನು ಎನ್ನಿಸುತ್ತದೆ. ನನ್ನ ಅನುಭವ ಹಾಗಿಲ್ಲ. ಯಾರ ಸಹಾಯವೂ ಇಲ್ಲದೆ ಹೊಲ ಬಿಡಿಸಿದ ವೀರನಿಗಿಂತ, ತಂಗಿಯ ಒಡವೆಯಿಂದ ಉಳಿದ ಹೊಲದ ಋಣ ಹೊತ್ತು ಪರೇಲಿಗೆ ಬಂದ ಇಪ್ಪತ್ತು-ಇಪ್ಪತ್ತೆರಡರ ಹುಡುಗ ನನಗೆ ಹೆಚ್ಚು ಹತ್ತಿರದವನು. ಅಂಥವನ ಮೊಮ್ಮಗ ಎಂದು ಹೇಳಿಕೊಳ್ಳಲು ಯಾವ ನಾಚಿಕೆಯೂ ಇಲ್ಲ. ಆ ತಂಗಿಯ ಮೊಮ್ಮಗಳನ್ನು ಇನ್ನೂ ‘ದೂರದ ಸಂಬಂಧ’ ಎನ್ನುತ್ತಿದ್ದರೆ, ನಾಚಿಕೆ ಪಡಬೇಕಾದದ್ದು ಅದಕ್ಕೆ.